ಒಂದು ಎದ್ದಿರುವಾಗ ಇನ್ನೊಂದು ಇರುವುದಿಲ್ಲ

ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಆ ದಿನ ಹತ್ತಿರವಾದಂತೆಲ್ಲ ನನ್ನನ್ನು ಕೇಳುವವರ ಪ್ರಶ್ನೆಗಳೂ ಒಂದೇ ಆಗತೊಡಗಿದವು: ಕಂಪ್ಯೂಟರ್ ಗಟ್ಟಿಮುಟ್ಟಾಗಿದೆ, ಆದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲ, ಪ್ರೊಸೆಸರ್ ಹಳೆಯದು, ವಿಂಡೋಸ್ 11 ಒಪ್ಪುತ್ತಿಲ್ಲ, ಈಗೇನು ಮಾಡುವುದು? ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಳ್ಳಿ ಎಂದರೆ ಕೇಳಿದವರ ಮುಖ ಸಣ್ಣದಾಗುತ್ತದೆ. ಹಳೆಯದೊಂದು ಸ್ಕ್ಯಾನರ್ ಇರುತ್ತದೆ, ಲೆಕ್ಕ ಬರೆಯುವ ಯಾವುದೋ ತಂತ್ರಾಂಶ ಇರುತ್ತದೆ, ವರ್ಷಗಟ್ಟಲೆ ಕೈಗೆ ರೂಢಿಯಾದ ದಾರಿಗಳಿರುತ್ತವೆ. ಹಾಗಿದ್ದರೆ ಒಂದೇ ಕಂಪ್ಯೂಟರಿನಲ್ಲಿ ಎರಡನ್ನೂ ಇಟ್ಟುಕೊಳ್ಳಿ, ಚಾಲೂ ಮಾಡುವಾಗ ಬೇಕಾದದ್ದನ್ನು ಆಯ್ದುಕೊಳ್ಳಿ ಎಂಬ ಸಲಹೆ ಅಲ್ಲಿಂದ ಹುಟ್ಟುತ್ತದೆ. ಕೊಡುವವರಿಗೂ ಪಡೆಯುವವರಿಗೂ ಸಮಾಧಾನ ತರುವ ಸಲಹೆ ಅದು. ಯಾವುದನ್ನೂ ಬಿಡಬೇಕಾಗಿಲ್ಲ, ಯಾವುದನ್ನೂ ಪೂರ್ತಿಯಾಗಿ ನಂಬಬೇಕಾಗಿಯೂ ಇಲ್ಲ.

ಡ್ಯುಯಲ್ ಬೂಟ್ ಎಂಬ ಈ ಏರ್ಪಾಡನ್ನು ವಿವರಿಸುವಾಗ ಒಂದೇ ಮನೆಯಲ್ಲಿ ಎರಡು ಸಂಸಾರ ಎನ್ನುವುದು ವಾಡಿಕೆ. ನನಗೆ ಆ ಹೋಲಿಕೆ ಎಂದೂ ಒಗ್ಗಿಲ್ಲ. ಎರಡು ಸಂಸಾರಗಳಿದ್ದರೆ ಒಬ್ಬರ ಸದ್ದು ಇನ್ನೊಬ್ಬರಿಗೆ ಕೇಳುತ್ತದೆ. ಜಗಳವಾದರೂ ಆಗುತ್ತದೆ, ರಾಜಿಯಾದರೂ ಆಗುತ್ತದೆ. ಒಂದೇ ಡಿಸ್ಕಿನಲ್ಲಿರುವ ವಿಂಡೋಸ್ ಮತ್ತು ಲಿನಕ್ಸ್ ಎದುರುಬದುರಾಗುವ ಸಂದರ್ಭವೇ ಇಲ್ಲ. ಒಂದು ಓಡುತ್ತಿರುವಾಗ ಇನ್ನೊಂದು ಮಲಗಿರುತ್ತದೆ ಎನ್ನುವುದೂ ಸರಿಯಲ್ಲ, ಅದು ಇರುವುದೇ ಇಲ್ಲ. ಡಿಸ್ಕಿನ ಒಂದಷ್ಟು ಜಾಗದಲ್ಲಿ ಬರೆದಿಟ್ಟ ಬೈಟುಗಳಷ್ಟೇ ಇರುತ್ತವೆ. ಅದಕ್ಕಿಂತ ವಿಚಿತ್ರವೆಂದರೆ, ತಾನು ಇರಲಿಲ್ಲ ಎಂಬುದೂ ಅದಕ್ಕೆ ಗೊತ್ತಾಗುವುದಿಲ್ಲ. ನಿನ್ನೆ ಆರಿಸಿದರು, ಇಂದು ಚಾಲೂ ಮಾಡಿದರು, ನಡುವೆ ಯಾರೂ ಬಂದಿಲ್ಲ ಎಂಬ ಲೆಕ್ಕದಲ್ಲಿಯೇ ಅದು ಕಣ್ಣು ಬಿಡುತ್ತದೆ. ಡ್ಯುಯಲ್ ಬೂಟ್‌ನ ತೊಂದರೆಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದರೆ ಹೆಚ್ಚುಕಡಿಮೆ ಎಲ್ಲವೂ ಈ ಒಂದು ಅಜ್ಞಾನದ ಬುಡಕ್ಕೇ ಬಂದು ನಿಲ್ಲುತ್ತವೆ. ಇದು ನನಗೆ ಸ್ಪಷ್ಟವಾದದ್ದು ಅಕ್ಕನ ಲ್ಯಾಪ್‌ಟಾಪಿನ ಮುಂದೆ ಕುಳಿತಾಗ.

ನಾಲ್ಕೇ ಸಾಲಿನ ಪಟ್ಟಿ

ಆ ಲ್ಯಾಪ್‌ಟಾಪ್ ವಿಂಡೋಸ್ 7ರ ಕಾಲದ್ದು. 4 ಜಿಬಿ ಮೆಮೊರಿ, 500 ಜಿಬಿಯ ತಿರುಗುವ ಹಾರ್ಡ್ ಡಿಸ್ಕ್, ಯುಇಎಫ್‌ಐ ಬರುವುದಕ್ಕೆ ಮುಂಚಿನ ಬಯೋಸ್ (ಎರಡೂ ಯಂತ್ರವನ್ನು ಮೊದಲು ಎಬ್ಬಿಸುವ ಮೂಲ ತಂತ್ರಾಂಶಗಳು). ಆಮೇಲೆ ಅದರ ಮೇಲೆಯೇ ವಿಂಡೋಸ್ 10 ಬಂದು ಕುಳಿತಿತ್ತು. “ಫೋಟೋಗಳು ಮಾತ್ರ ಹೋಗಬಾರದು ಕಣೋ, ಉಳಿದದ್ದು ನಿನಗೆ ಬಿಟ್ಟದ್ದು” ಎಂದು ಅಕ್ಕ ಮೊದಲೇ ಷರತ್ತು ಹಾಕಿದ್ದಳು. ಆದ್ದರಿಂದ ಬೇರೆ ಯಾವುದನ್ನೂ ಮುಟ್ಟುವ ಮುಂಚೆ ಫೋಟೋಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಚುಚ್ಚಿ, ಅಲ್ಲೊಂದು ಇಲ್ಲೊಂದು ಫೋಲ್ಡರನ್ನು ಅವಳ ಕೈಯಿಂದಲೇ ತೆರೆಸಿ ನೋಡಿದೆವು. ತೆರೆದು ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಜಾಗ ಬಿಡಿಸುವ ಕೆಲಸವನ್ನು ವಿಂಡೋಸ್‌ಗೇ ವಹಿಸುವುದು ಕ್ಷೇಮ. ಅದರ ಪಾರ್ಟಿಷನ್ನನ್ನು, ಎಂದರೆ ಡಿಸ್ಕಿನಲ್ಲಿ ಅದಕ್ಕೆಂದು ಬೇರ್ಪಡಿಸಿದ ಭಾಗವನ್ನು, ಅದೇ ಕುಗ್ಗಿಸಲಿ, ಲಿನಕ್ಸ್‌ನ ಪಾರ್ಟಿಷನ್ನುಗಳನ್ನು ಲಿನಕ್ಸ್ ಮಾಡಿಕೊಳ್ಳಲಿ. ಆದರೆ ಕುಗ್ಗು ಎಂದರೆ ವಿಂಡೋಸ್ ಸುಲಭಕ್ಕೆ ಕುಗ್ಗುವುದಿಲ್ಲ. ಸಿ ಡ್ರೈವಿನಲ್ಲಿ ಮುಕ್ಕಾಲು ಭಾಗ ಖಾಲಿಯಿದ್ದರೂ ಬಿಟ್ಟುಕೊಡಲು ಒಪ್ಪಿದ್ದು ಅದರ ಸಣ್ಣದೊಂದು ಪಾಲನ್ನು. ಪೇಜ್ ಫೈಲ್, ಹೈಬರ್ನೇಷನ್ ಫೈಲ್, ಸಿಸ್ಟಮ್ ರಿಸ್ಟೋರ್‌ನ ದಾಖಲೆಗಳು, ಇವೆಲ್ಲ ಬಳಕೆಯಲ್ಲಿರುವಾಗ ಕದಲಿಸಲಾಗದವು. ಅವು ಡಿಸ್ಕಿನ ನಟ್ಟನಡುವೆ ಕುಳಿತಿದ್ದರೆ ಕುಗ್ಗುವಿಕೆ ಅಲ್ಲಿಗೇ ನಿಲ್ಲುತ್ತದೆ. ಆ ಮೂರನ್ನೂ ತಾತ್ಕಾಲಿಕವಾಗಿ ನಿಲ್ಲಿಸಿ, ಕಂಪ್ಯೂಟರನ್ನು ಮರಳಿ ಚಾಲೂ ಮಾಡಿ ಕೇಳಿದಾಗ ಉದಾರವಾಗಿ ಜಾಗ ಬಿಟ್ಟಿತು.

ಇಷ್ಟಾಗಿಯೂ ಪೆನ್ ಡ್ರೈವಿನಿಂದ ಎದ್ದ ಲಿನಕ್ಸ್ ಆ ಖಾಲಿ ಜಾಗವನ್ನು ನೋಡಿ, ಇದು ಬಳಸಲು ಬರುವುದಿಲ್ಲ ಎಂದು ತೋರಿಸಿತು. ಅಷ್ಟು ದೊಡ್ಡ ಬಯಲು ಕಣ್ಣ ಮುಂದಿದ್ದರೂ ಬರುವುದಿಲ್ಲವೆಂದರೆ ಹೇಗೆ ಎಂದು ಅಕ್ಕ ಕೇಳಿದಳು. ಉತ್ತರ ಇದ್ದದ್ದು ಡಿಸ್ಕಿನ ಮೊದಲ ಸೆಕ್ಟರಿನಲ್ಲಿ, ಎಂದರೆ ಅದರ ಮೊಟ್ಟಮೊದಲ ಪುಟ್ಟ ತುಂಡಿನಲ್ಲಿ. ಹಳೆಯ ಪದ್ಧತಿಯ ಡಿಸ್ಕುಗಳಲ್ಲಿ ಎಲ್ಲಕ್ಕೂ ಮೂಲ ಆ 512 ಬೈಟುಗಳು. ಅದರಲ್ಲಿ 446 ಬೈಟುಗಳು ಯಂತ್ರವನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮಿಗೆ, 64 ಬೈಟುಗಳು ಪಾರ್ಟಿಷನ್ ಪಟ್ಟಿಗೆ, ಕೊನೆಯ 2 ಬೈಟುಗಳು ಗುರುತಿಗೆ. ಒಂದು ಪಾರ್ಟಿಷನ್ನಿನ ವಿವರಕ್ಕೆ 16 ಬೈಟು ಬೇಕಾದ್ದರಿಂದ ಪಟ್ಟಿಯಲ್ಲಿ ನಾಲ್ಕೇ ಸಾಲು. 1983ರಲ್ಲಿ ಪಿಸಿ ಡಾಸ್ 2.0 ಎಂಬ ಅಂದಿನ ವ್ಯವಸ್ಥೆಯ ಜೊತೆ ಬಂದ ಏರ್ಪಾಡು ಇದು. ಅದೇ ವರ್ಷ ಬಂದ ಐಬಿಎಂ ಪಿಸಿ ಎಕ್ಸ್‌ಟಿಯ ಡಿಸ್ಕ್ 10 ಎಂಬಿಯದು. ಅದನ್ನು ನಾಲ್ಕಕ್ಕಿಂತ ಹೆಚ್ಚು ತುಂಡು ಮಾಡುವವರು ಯಾರು ಎಂದು ಆಗ ಯಾರಿಗಾದರೂ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಅಕ್ಕನ ಲ್ಯಾಪ್‌ಟಾಪನ್ನು ತಯಾರಿಸಿದವರು ನಾಲ್ಕು ಸಾಲುಗಳನ್ನೂ ತಾವೇ ತುಂಬಿ ಕಳಿಸಿದ್ದರು: 100 ಎಂಬಿಯ ಬೂಟ್ ಪಾರ್ಟಿಷನ್, ಸಿ ಡ್ರೈವ್, ರಿಕವರಿ, ತಮ್ಮ ಸ್ವಂತದ ಸಲಕರಣೆಗಳಿಗೆಂದು ಇನ್ನೊಂದು. ಕೊಂಡವರು ಮುಂದೆ ಎಂದಾದರೂ ಬೇರೊಂದು ವ್ಯವಸ್ಥೆಯನ್ನು ತರಬಹುದು ಎಂಬ ಎಣಿಕೆಯೇ ಆ ಹಂಚಿಕೆಯಲ್ಲಿ ಇರಲಿಲ್ಲ.

ರಿಕವರಿಯಲ್ಲಿದ್ದದ್ದು ವಿಂಡೋಸ್ 7ರ ಮೂಲಪ್ರತಿ. 2020ರ ಜನವರಿಯಲ್ಲೇ ಬೆಂಬಲ ನಿಂತುಹೋದ ವ್ಯವಸ್ಥೆಗೆ ಮರಳಿ ಹೋಗುವ ಬಾಗಿಲನ್ನು ಕಾಯ್ದುಕೊಳ್ಳುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ. ಅದರ ಪ್ರತಿಯೊಂದನ್ನು ಹೊರಗಿನ ಡಿಸ್ಕಿಗೆ ತೆಗೆದಿಟ್ಟು, ಆ ಸಾಲನ್ನು ಅಳಿಸಿ, ಅದರ ಜಾಗವನ್ನೂ ಬಿಡಿಸಿಕೊಂಡ ಜಾಗವನ್ನೂ ಸೇರಿಸಿ ಒಂದು ಎಕ್ಸ್‌ಟೆಂಡೆಡ್ ಪಾರ್ಟಿಷನ್ ಮಾಡಿದ್ದಾಯಿತು. ಅದರ ಒಳಗೆ ಬೇಕಾದಷ್ಟು ಲಾಜಿಕಲ್ ಪಾರ್ಟಿಷನ್ನುಗಳನ್ನು ಇಟ್ಟುಕೊಳ್ಳಬಹುದು, ಲಿನಕ್ಸ್ ಅಂಥದ್ದರ ಒಳಗಿಂದಲೂ ತಕರಾರಿಲ್ಲದೆ ಏಳುತ್ತದೆ. ಹೊಸ ಯಂತ್ರಗಳ ಜಿಪಿಟಿ ಪದ್ಧತಿಯಲ್ಲಿ ಸಾಮಾನ್ಯವಾಗಿ 128 ಸಾಲುಗಳಿರುತ್ತವೆ, ಈ ಹೆಣಗಾಟ ಅಲ್ಲಿಲ್ಲ.

ಯಾರದೂ ಅಲ್ಲದ ಜಾಗ

ಮೊದಲು ವಿಂಡೋಸ್, ಆಮೇಲೆ ಲಿನಕ್ಸ್ ಎಂಬುದು ಎಲ್ಲರೂ ಹೇಳುವ ಕ್ರಮ. ಕಾರಣ ಆ 446 ಬೈಟುಗಳು. ವಿಂಡೋಸ್ ಇನ್‌ಸ್ಟಾಲ್ ಆಗುವಾಗ ಅಲ್ಲಿ ಏನಿದೆ ಎಂದು ನೋಡುವುದಿಲ್ಲ, ತನ್ನದನ್ನು ಬರೆದುಬಿಡುತ್ತದೆ. ಯಾವ ವ್ಯವಸ್ಥೆ ಏಳಬೇಕೆಂದು ಕೇಳಿ ಅದನ್ನು ಎಬ್ಬಿಸುವ, ಲಿನಕ್ಸ್ ತರುವ ಗ್ರಬ್ ಎಂಬ ಬೂಟ್‌ಲೋಡರ್ ಕೂಡ ಬರೆಯುವುದು ಅಲ್ಲಿಯೇ, ಆದರೆ ಡಿಸ್ಕಿನಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದು ಹುಡುಕಿ ಪಟ್ಟಿ ಮಾಡಿ ತೋರಿಸುವುದು ಅದರ ಜಾಯಮಾನ. ಗ್ರಬ್ 446 ಬೈಟುಗಳಲ್ಲಿ ಹಿಡಿಸುವಂಥದ್ದಲ್ಲ. ಆ ಬೈಟುಗಳಲ್ಲಿ ತನ್ನ ಮೊದಲ ತುಣುಕನ್ನಷ್ಟೇ ಇಟ್ಟು, ಮುಂದಿನ ದೊಡ್ಡ ತುಣುಕನ್ನು ಮೊದಲ ಸೆಕ್ಟರಿಗೂ ಮೊದಲ ಪಾರ್ಟಿಷನ್ನಿಗೂ ನಡುವೆ ಬಿಟ್ಟಿರುವ ಖಾಲಿ ಜಾಗದಲ್ಲಿ ಇಡುತ್ತದೆ. ಆ ಜಾಗ ಪಟ್ಟಿಯ ಪ್ರಕಾರ ಯಾರದೂ ಅಲ್ಲ. ಯಾರದೂ ಅಲ್ಲದ ಜಾಗಕ್ಕೆ ಹಕ್ಕುದಾರರು ಹಲವರು: ಪರವಾನಗಿ ಪರೀಕ್ಷಿಸುವ ಕೆಲವು ವಿಂಡೋಸ್ ತಂತ್ರಾಂಶಗಳೂ ತಮ್ಮ ಗುಟ್ಟಿನ ಗುರುತುಗಳನ್ನು ಅಲ್ಲಿಯೇ ಬಚ್ಚಿಡುತ್ತವೆ. ವಿಂಡೋಸ್‌ನಲ್ಲಿ ಒಂದು ತಂತ್ರಾಂಶವನ್ನು ತೆರೆದು ಮುಚ್ಚಿದ ಮಾತ್ರಕ್ಕೆ ಮರುದಿನ ಲಿನಕ್ಸ್ ಏಳದೆ ಹೋದ ಪ್ರಕರಣಗಳು ಹೀಗೆ ಆದವು. ಈಗಿನ ಗ್ರಬ್ ಇದಕ್ಕೆಂದೇ ತನ್ನ ತುಣುಕಿನಲ್ಲಿ ದೋಷ ಸರಿಪಡಿಸುವ ಸಂಕೇತಗಳನ್ನು ಸೇರಿಸಿಕೊಂಡಿದೆ. ಯಾರೋ ಬಂದು ಒಂದೆರಡು ಸೆಕ್ಟರುಗಳ ಮೇಲೆ ಗೀಚಿ ಹೋದರೂ ತಡೆದುಕೊಳ್ಳುತ್ತದೆ. ಎದುರಿಗೆ ಕಾಣದ ನೆರೆಯವನೊಬ್ಬ ಇರಬಹುದು ಎಂದು ಊಹಿಸಿ ಬರೆದ ತಂತ್ರಾಂಶ ಇದು. ಅಂಥವು ಅಪರೂಪ, ಆದ್ದರಿಂದಲೇ ಗ್ರಬ್ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತವಿದೆ.

ಪಕ್ಷಪಾತವಿದ್ದರೂ ಒಂದು ಮಾತು ಹೇಳಲೇಬೇಕು. 2021ರಲ್ಲಿ ಬಂದ ಗ್ರಬ್ 2.06ರಿಂದ ಈಚೆಗೆ ಬೇರೆ ವ್ಯವಸ್ಥೆಗಳನ್ನು ಹುಡುಕುವ ಆ ಗುಣವನ್ನು ಮೂಲದಲ್ಲಿಯೇ ಬಂದ್ ಮಾಡಿಡಲಾಗಿದೆ. ಗೊತ್ತಿಲ್ಲದ ಪಾರ್ಟಿಷನ್ನುಗಳ ಒಳಹೊಕ್ಕು ಓದುವುದು ಭದ್ರತೆಗೆ ಒಳ್ಳೆಯದಲ್ಲ ಎಂಬುದು ಅದಕ್ಕೆ ಕೊಟ್ಟ ಕಾರಣ. ಕೆಲವು ಲಿನಕ್ಸ್ ಡಿಸ್ಟ್ರೋಗಳು (ಲಿನಕ್ಸ್‌ನ ಬೇರೆ ಬೇರೆ ಸಿದ್ಧರೂಪಗಳು) ಅದನ್ನು ತಾವೇ ಮತ್ತೆ ಚಾಲೂ ಮಾಡಿ ಕೊಡುತ್ತವೆ, ಕೆಲವು ಕೊಡುವುದಿಲ್ಲ. ಇನ್‌ಸ್ಟಾಲ್ ಮುಗಿದ ಮೇಲೆ ಮೆನುವಿನಲ್ಲಿ ವಿಂಡೋಸ್ ಕಾಣದಿದ್ದರೆ ಅದು ಅಳಿಸಿಹೋಯಿತೆಂದು ಎದೆ ಒಡೆದುಕೊಳ್ಳುವ ಮುಂಚೆ ಗ್ರಬ್‌ನ ಸಂಯೋಜನಾ ಫೈಲಿನ ಆ ಒಂದು ಸಾಲನ್ನು ನೋಡಬೇಕು.

ಇನ್ನೊಂದು ಕಡೆಯ ಕತೆ 2024ರ ಆಗಸ್ಟ್‌ನದು. ನಂಬಿಕಸ್ಥ ಬೂಟ್‌ಲೋಡರ್‌ಗಳಷ್ಟೇ ಏಳಲು ಬಿಡುವ ಸೆಕ್ಯೂರ್ ಬೂಟ್‌ಗೆ ಸಂಬಂಧಿಸಿದ ವಿಂಡೋಸ್ ಅಪ್‌ಡೇಟ್ ಒಂದನ್ನು ಮೈಕ್ರೋಸಾಫ್ಟ್ ಬಿಡುಗಡೆ ಮಾಡಿತು. ಹಳೆಯ, ದೋಷವಿರುವ ಬೂಟ್‌ಲೋಡರ್‌ಗಳನ್ನು ತಡೆಯುವುದು ಅದರ ಉದ್ದೇಶ. ಡ್ಯುಯಲ್ ಬೂಟ್ ಇರುವ ಯಂತ್ರಗಳಿಗೆ ಅದನ್ನು ಅನ್ವಯಿಸುವುದಿಲ್ಲ ಎಂದೂ ಹೇಳಿತ್ತು. ಆದರೆ ಯಂತ್ರದಲ್ಲಿ ಎರಡನೆಯದು ಇದೆ ಎಂದು ಪತ್ತೆ ಹಚ್ಚುವ ಏರ್ಪಾಡು ಎಷ್ಟೋ ಕಡೆ ಪತ್ತೆ ಹಚ್ಚಲಿಲ್ಲ, ಲಿನಕ್ಸ್ ಏಳುವುದು ನಿಂತಿತು. ಅಕ್ಕನಂಥವರ ಹಳೆಯ ಯಂತ್ರಗಳಿಗೆ ಇದು ತಟ್ಟಲಿಲ್ಲ. ಅವುಗಳಲ್ಲಿ ಸೆಕ್ಯೂರ್ ಬೂಟ್ ಇದ್ದರಲ್ಲವೇ ಕೆಡುವುದು.

“ಪಾಸ್‌ವರ್ಡ್ ಕೇಳಲೇ ಇಲ್ಲವಲ್ಲ?”

ಪಾರ್ಟಿಷನ್ ಕುಗ್ಗಿಸಿದ ಮೇಲೆ ಅಕ್ಕನಿಗೆ ಧೈರ್ಯ ಬರಲೆಂದು ಪೆನ್ ಡ್ರೈವಿನ ಲಿನಕ್ಸ್‌ನಿಂದಲೇ ವಿಂಡೋಸ್‌ನ ಸಿ ಡ್ರೈವ್ ತೆರೆದು, ಅವಳ ಹೆಸರಿನ ಫೋಲ್ಡರಿಗೆ ಹೋಗಿ, ಫೋಟೋಗಳನ್ನು ತೋರಿಸಿದೆ. ಎಲ್ಲವೂ ಇದ್ದವು. ಅವಳು ಹಗುರಾಗಬೇಕಿತ್ತು, ಬದಲಿಗೆ ಹುಬ್ಬು ಗಂಟಿಕ್ಕಿದಳು. “ಇದು ನನ್ನ ಪಾಸ್‌ವರ್ಡ್ ಕೇಳಲೇ ಇಲ್ಲವಲ್ಲ?”

ಕೇಳುವುದಿಲ್ಲ ಎಂದೆ. ಪಾಸ್‌ವರ್ಡ್ ಕೇಳುವುದು ವಿಂಡೋಸ್. ಈಗ ವಿಂಡೋಸ್ ಇಲ್ಲ. ಯಾವ ಫೈಲನ್ನು ಯಾರು ಓದಬಹುದು ಎಂಬ ಅನುಮತಿಗಳೆಲ್ಲ ಡಿಸ್ಕಿನಲ್ಲಿ ಬರೆದೇ ಇರುತ್ತವೆ, ಆದರೆ ಅವನ್ನು ಪಾಲಿಸಬೇಕಾದದ್ದು ಓಡುತ್ತಿರುವ ವ್ಯವಸ್ಥೆ. ಪೆನ್ ಡ್ರೈವಿನಿಂದ ಎದ್ದ ಲಿನಕ್ಸ್‌ಗೆ ಅವು ಯಾರೋ ಯಾರಿಗೋ ಬರೆದಿಟ್ಟ ಚೀಟಿಗಳು.

“ಹಾಗಾದರೆ ಇಷ್ಟು ವರ್ಷ ಆ ಪಾಸ್‌ವರ್ಡ್ ಏನನ್ನು ಕಾಯುತ್ತಿತ್ತು?” ಎಂದಳು. ಈ ಪ್ರಶ್ನೆಯನ್ನು ನನಗೆ ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಕಾಯುತ್ತಿತ್ತು, ವಿಂಡೋಸ್ ಎದ್ದಿರುವಷ್ಟು ಹೊತ್ತು. ಅದು ಎದ್ದಿಲ್ಲದ ಹೊತ್ತಿನಲ್ಲಿ ಡಿಸ್ಕನ್ನು ಕೈಗೆತ್ತಿಕೊಂಡವರೆಲ್ಲರಿಗೂ ಎಲ್ಲವೂ ತೆರೆದಿತ್ತು, ಈ ಹೊಸ ಲಿನಕ್ಸ್ ಬರುವುದಕ್ಕೂ ಮುಂಚಿನಿಂದಲೇ. ನಿಜವಾದ ಬೀಗ ಬೇಕೆಂದರೆ ಬೈಟುಗಳನ್ನೇ ಗೂಢಲಿಪಿಗೆ ತಿರುಗಿಸಿಡಬೇಕು: ವಿಂಡೋಸ್‌ನಲ್ಲಿ ಬಿಟ್‌ಲಾಕರ್, ಲಿನಕ್ಸ್‌ನಲ್ಲಿ ಲಕ್ಸ್. ಆಗ ಮಾತ್ರ ಯಾರು ಎದ್ದಿದ್ದಾರೆ ಎಂಬುದು ಮುಖ್ಯವಾಗುವುದಿಲ್ಲ.

ಅವಳು ಅಲ್ಲಿಗೆ ಬಿಡಲಿಲ್ಲ. ವಿಂಡೋಸ್‌ನಲ್ಲಿ ಕುಳಿತು ಲಿನಕ್ಸ್‌ನ ಫೈಲುಗಳನ್ನೂ ಹೀಗೆಯೇ ನೋಡಬಹುದೇ ಎಂದಳು. ಇಲ್ಲ, ಲಿನಕ್ಸ್ ಬಳಸುವ ಇಎಕ್ಸ್‌ಟಿ4 ಕಡತ ವ್ಯವಸ್ಥೆಯನ್ನು ಓದಲು ವಿಂಡೋಸ್‌ಗೆ ತಾನಾಗಿ ಬರುವುದಿಲ್ಲ. “ಹಾಗಾದರೆ ಗುಟ್ಟಿನದೇನಾದರೂ ಇದ್ದರೆ ಲಿನಕ್ಸ್‌ನಲ್ಲಿ ಇಡುತ್ತೇನೆ.” ಓದಲು ಬರದಿರುವುದು ಬೇರೆ, ಓದಗೊಡದಿರುವುದು ಬೇರೆ ಎಂದು ತಿಳಿಸಿ ಹೇಳುವಷ್ಟರಲ್ಲಿ ಅವಳೇ ನಕ್ಕು, ಇನ್ನೊಂದು ಪೆನ್ ಡ್ರೈವ್ ತಂದವನಿಗೆ ಅದೂ ತೆರೆಯುತ್ತದಲ್ಲವೇ ಎಂದಳು. ತೆರೆಯುತ್ತದೆ. ಎಷ್ಟೋ ಪುಟಗಳ ಕೈಪಿಡಿ ಹೇಳದ್ದನ್ನು ಅವಳು ಒಂದು ಸಂಜೆಯಲ್ಲಿ ಅರ್ಥ ಮಾಡಿಕೊಂಡಿದ್ದಳು.

ಗಡಿಯಾರ ಮತ್ತು ಸುಳ್ಳು ನಿದ್ದೆ

ಎರಡೂ ಹಂಚಿಕೊಳ್ಳುವ ಇನ್ನೊಂದು ವಸ್ತು ಮದರ್‌ಬೋರ್ಡಿನ ಗಡಿಯಾರ. 1984ರ ಐಬಿಎಂ ಪಿಸಿ ಎಟಿಯಿಂದ ಬಂದ ವಂಶ ಅದು. ಗಂಟೆ, ನಿಮಿಷ, ದಿನಾಂಕಗಳನ್ನು ಇಟ್ಟುಕೊಳ್ಳುತ್ತದೆ, ಆದರೆ ಅದು ಯಾವ ಊರಿನ ಗಂಟೆ ಎಂದು ಬರೆದುಕೊಳ್ಳಲು ಅದರಲ್ಲಿ ಜಾಗವಿಲ್ಲ. ಡಾಸ್ ಕಾಲದ ರೂಢಿಯಂತೆ ವಿಂಡೋಸ್ ಅದನ್ನು ಸ್ಥಳೀಯ ಸಮಯವೆಂದು ಓದುತ್ತದೆ. ಯುನಿಕ್ಸ್ ಪರಂಪರೆಯ ಲಿನಕ್ಸ್ ಅದನ್ನು ಯುಟಿಸಿ, ಎಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ, ಎಂದು ಓದುತ್ತದೆ. ಇದರಿಂದ ಲಿನಕ್ಸ್ ಮುಗಿಸಿ ವಿಂಡೋಸ್‌ಗೆ ಬಂದಾಗ ಗಡಿಯಾರ ಯುಟಿಸಿಗೂ ನಮಗೂ ಎಷ್ಟು ಅಂತರವಿದೆಯೋ ಸರಿಯಾಗಿ ಅಷ್ಟೇ ತಪ್ಪಿರುತ್ತದೆ. ಬೇಸಿಗೆಗೂ ಚಳಿಗಾಲಕ್ಕೂ ಗಡಿಯಾರ ಹಿಂದೆ ಮುಂದೆ ಮಾಡುವ ದೇಶಗಳಲ್ಲಿ ಇನ್ನೂ ಚೆಂದ: ಎರಡನ್ನೂ ಸ್ಥಳೀಯ ಸಮಯಕ್ಕೆ ಒಪ್ಪಿಸಿದ್ದರೆ, ಆ ದಿನ ಮೊದಲು ಎದ್ದದ್ದು ಒಂದು ಗಂಟೆ ತಿದ್ದುತ್ತದೆ, ಆಮೇಲೆ ಎದ್ದದ್ದು, ಇದನ್ನು ಇನ್ನೂ ಯಾರೂ ತಿದ್ದಿಲ್ಲವೆಂದು ಮತ್ತೊಂದು ಗಂಟೆ ತಿದ್ದುತ್ತದೆ. ಇಬ್ಬರ ಕೆಲಸವೂ ಸರಿ, ಒಟ್ಟು ಫಲ ತಪ್ಪು. ಯಾವುದಾದರೂ ಒಂದಕ್ಕೆ ಇನ್ನೊಂದರ ಲೆಕ್ಕವನ್ನು ಕಲಿಸಿದರೆ ತೊಂದರೆ ಮುಗಿಯುತ್ತದೆ. ವಿಂಡೋಸ್‌ಗೆ ಯುಟಿಸಿ ಕಲಿಸುವುದೇ ಮೇಲು. (ಹಳೆಯ ಯಂತ್ರವಾದರೆ ಒಂದು ಎಚ್ಚರ. ಸಮಯ ಲೆಕ್ಕವಾಗಿ ಕೆಲವು ಗಂಟೆ ತಪ್ಪಿದ್ದರೆ ಅದು ಈ ತಗಾದೆ. ವರ್ಷಗಟ್ಟಲೆ ಹಿಂದಕ್ಕೆ ಹೋಗಿದ್ದರೆ ಬೋರ್ಡಿನ ಮೇಲಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿದೆ. ಆಗ ಜಾಲತಾಣಗಳೆಲ್ಲ ಅಸುರಕ್ಷಿತ ಎಂದು ಬ್ರೌಸರ್ ಹೆದರಿಸುತ್ತದೆ, ಪ್ರಮಾಣಪತ್ರಗಳ ದಿನಾಂಕ ತಾಳೆಯಾಗದೆ.)

ಗಡಿಯಾರ ಕಿರಿಕಿರಿ ಮಾತ್ರ, ಅಪಾಯವಿರುವುದು ನಿದ್ದೆಯಲ್ಲಿ. 2012ರಲ್ಲಿ ವಿಂಡೋಸ್ 8 ಜೊತೆಗೆ ಫಾಸ್ಟ್ ಸ್ಟಾರ್ಟಪ್ ಬಂತು. ಶಟ್‌ಡೌನ್ ಎಂದು ಒತ್ತಿದರೆ ಬಳಕೆದಾರರ ಕೆಲಸವನ್ನೇನೋ ಮುಚ್ಚುತ್ತದೆ, ಆದರೆ ವ್ಯವಸ್ಥೆಯ ತಿರುಳಾದ ಕರ್ನೆಲ್‌ನ ಸ್ಥಿತಿಯನ್ನು ಮುಚ್ಚದೆ ಡಿಸ್ಕಿಗೆ ಬರೆದಿಟ್ಟು, ಮುಂದಿನ ಬಾರಿ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ. ಪರದೆ ಆರಿರುತ್ತದೆ, ಫ್ಯಾನ್ ನಿಂತಿರುತ್ತದೆ, ಆದರೂ ವಿಂಡೋಸ್‌ನ ಲೆಕ್ಕದಲ್ಲಿ ಅದು ಮುಗಿದಿಲ್ಲ. ಡಿಸ್ಕಿನಲ್ಲಿ ಯಾವ ಫೈಲ್ ಎಲ್ಲಿತ್ತು ಎಂಬ ತನ್ನ ನೆನಪನ್ನು ಹಿಡಿದುಕೊಂಡೇ ಅದು ಹೋಗಿರುತ್ತದೆ. ಆ ನಡುವೆ ಲಿನಕ್ಸ್ ಬಂದು ಅದೇ ಪಾರ್ಟಿಷನ್ನಿನಲ್ಲಿ ಒಂದು ಫೈಲ್ ಬರೆದರೆ, ಎದ್ದ ವಿಂಡೋಸ್ ತನ್ನ ಹಳೆಯ ನೆನಪಿನ ಮೇಲೆಯೇ ನಡೆದು ಕಡತ ವ್ಯವಸ್ಥೆಯನ್ನೇ ಕೆಡಿಸಬಹುದು. ಲಿನಕ್ಸ್‌ನ ಎನ್‌ಟಿಎಫ್‌ಎಸ್ ಚಾಲಕ (ವಿಂಡೋಸ್‌ನ ಕಡತ ವ್ಯವಸ್ಥೆಯನ್ನು ಓದಿ ಬರೆಯುವ ತಂತ್ರಾಂಶ) ಇದನ್ನು ಬಲ್ಲದು. ಅರ್ಧ ನಿದ್ದೆಯ ಗುರುತು ಕಂಡರೆ ಬರೆಯಲು ಒಪ್ಪದೆ ಓದುವುದಕ್ಕಷ್ಟೇ ತೆರೆಯುತ್ತದೆ. ಅಕ್ಕನಿಗೆ ಇದು ಲಿನಕ್ಸ್‌ನ ಮೊಂಡುತನದಂತೆ ಕಂಡಿತ್ತು, ನಾನು ಅದರ ಪರವಾಗಿ ವಾದಿಸಿದೆ. ಈ ಜೋಡಿಯಲ್ಲಿ ಇನ್ನೊಬ್ಬರ ಗೈರುಹಾಜರಿಯನ್ನು ಗೌರವಿಸಿದ್ದು ಅದೊಂದೇ. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ ಗುರುತನ್ನು ತೆಗೆದ ಮೇಲೆ ತಕರಾರು ಹೋಯಿತು. ಎದ್ದೇಳಲು ಒಂದಷ್ಟು ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೇ.

ಮತ್ತೇಕೆ ಎರಡು

ಇಷ್ಟೆಲ್ಲ ಸಂಧಾನ ಮಾಡುವ ಬದಲು ಲಿನಕ್ಸ್‌ನ ಒಳಗೇ ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗೆ ತಂತ್ರಾಂಶದಿಂದಾದ ಇನ್ನೊಂದು ಕಂಪ್ಯೂಟರ್) ಮಾಡಿ ವಿಂಡೋಸ್ ಇಡಬಾರದೇ ಎಂದು ತಿಳಿದವರು ಕೇಳುತ್ತಾರೆ. 16 ಜಿಬಿ ಮೆಮೊರಿ ಇರುವವರು ಖಂಡಿತ ಹಾಗೆ ಮಾಡಲಿ, ನಾನೂ ಅದನ್ನೇ ಹೇಳುತ್ತೇನೆ. 4 ಜಿಬಿಯಲ್ಲಿ ಎರಡು ವ್ಯವಸ್ಥೆಗಳನ್ನು ಒಟ್ಟಿಗೆ ಎಬ್ಬಿಸಿದರೆ ಎರಡಕ್ಕೂ ಉಸಿರಾಡಲು ಜಾಗವಿರುವುದಿಲ್ಲ. ಡ್ಯುಯಲ್ ಬೂಟ್ ಹಳೆಯ ಯಂತ್ರಗಳಿಗೆ ಹೊಂದುವುದು ಇದೇ ಕಾರಣಕ್ಕೆ: ಎದ್ದದ್ದು ಯಾವುದಾದರೂ ಇಡೀ ಯಂತ್ರ ಅದರದು, ಏಕೆಂದರೆ ಇನ್ನೊಂದು ಇಲ್ಲ. ತೊಂದರೆಗೆ ಮೂಲವಾದದ್ದೇ ಇಲ್ಲಿ ಲಾಭವೂ ಹೌದು.

ಆದರೆ ಲಿನಕ್ಸ್ ಹಾಕಿದರೆ ಹಳೆಯ ಕಂಪ್ಯೂಟರ್ ಹೊಸದಾಗುತ್ತದೆ ಎಂಬ ಮಾತನ್ನು ನಾನು ಯಾರಿಗೂ ಹೇಳುವುದಿಲ್ಲ. ಎಕ್ಸ್‌ಎಫ್‌ಸಿಇಯಂಥ ಹಗುರ ಡೆಸ್ಕ್‌ಟಾಪ್ ಬೇಗ ಏಳುತ್ತದೆ, ಹಿನ್ನೆಲೆಯಲ್ಲಿ ಗುಸುಗುಸು ಮಾಡುವ ಸೇವೆಗಳು ಕಡಿಮೆ, ನಿಜ. ಬ್ರೌಸರ್ ತೆರೆದು ಹತ್ತು ಟ್ಯಾಬ್ ಬಿಚ್ಚಿದ ಕೂಡಲೇ ಆ ಹಗುರವೆಲ್ಲ ಹೋಗುತ್ತದೆ. ಇಂದಿನ ಜಾಲತಾಣಗಳಿಗೆ ಕೆಳಗೆ ಯಾವ ವ್ಯವಸ್ಥೆಯಿದೆ ಎಂಬುದರ ಗೊಡವೆಯಿಲ್ಲ. ತಿರುಗುವ ಡಿಸ್ಕ್ ತೆಗೆದು ಚಿಪ್‌ಗಳಿಂದಾದ ಎಸ್‌ಎಸ್‌ಡಿ ಹಾಕಿದರೆ ಆಗುವ ಬದಲಾವಣೆ ಯಾವ ವ್ಯವಸ್ಥೆಯ ಬದಲಾವಣೆಗಿಂತಲೂ ದೊಡ್ಡದು. ಇನ್ನೂ ಹಳೆಯದಾದ 32 ಬಿಟ್ ಯಂತ್ರಗಳಿಗಂತೂ ದಾರಿಗಳು ಮುಚ್ಚುತ್ತಿವೆ. ಅವುಗಳ ಕೈಹಿಡಿದಿದ್ದ ಡೆಬಿಯನ್ ಎಂಬ ಲಿನಕ್ಸ್ ಡಿಸ್ಟ್ರೋ ಕೂಡ 2025ರ ಆಗಸ್ಟ್‌ನಲ್ಲಿ ಬಂದ 13ನೇ ಆವೃತ್ತಿಯಿಂದ ಅವುಗಳಿಗೆಂದು ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿತು.

ಈಗ ಅಕ್ಕನ ಲ್ಯಾಪ್‌ಟಾಪ್ ತಾನಾಗಿ ಲಿನಕ್ಸ್‌ಗೇ ಏಳುತ್ತದೆ. ಕಾಗದಪತ್ರ ಸ್ಕ್ಯಾನ್ ಮಾಡಬೇಕಾದಾಗ ಮಾತ್ರ ಅವಳು ವಿಂಡೋಸ್ ಆರಿಸಿಕೊಳ್ಳುತ್ತಾಳೆ, ಅದೂ ವೈಫೈ ಬಂದ್ ಮಾಡಿ. ಭದ್ರತಾ ತೇಪೆಗಳು ಬಾರದ ವ್ಯವಸ್ಥೆಗೆ ಅಂತರ್ಜಾಲ ಬೇಡ ಎಂದು ಇಬ್ಬರೂ ಒಪ್ಪಿದ್ದೇವೆ. ಸದ್ಯದಲ್ಲೇ ಎಸ್‌ಎಸ್‌ಡಿ ಹಾಕಬೇಕೆಂದಿರುವುದರಿಂದ ಜಾಗ ಹಂಚುವ ಮಾತು ಮತ್ತೆ ಬಂದಿದೆ. ಎರಡೂ ಕಡೆಯಿಂದ ಕಾಣುವಂತೆ ಫೋಟೋಗಳಿಗೆ ನಡುವೆ ಒಂದು ಎನ್‌ಟಿಎಫ್‌ಎಸ್ ಪಾರ್ಟಿಷನ್ ಇಡೋಣ ಎಂಬುದು ನನ್ನ ಯೋಜನೆಯಾಗಿತ್ತು, ಎಲ್ಲರೂ ಮಾಡುವುದು ಹಾಗೆಯೇ. ಅಕ್ಕ ಬೇಡ ಎಂದಳು. ಫೋಟೋಗಳು ಲಿನಕ್ಸ್ ಕಡೆಯೇ ಇರಲಿ, ವಿಂಡೋಸ್‌ಗೆ ಅವುಗಳ ಕೆಲಸವೇನು, ಸ್ಕ್ಯಾನ್ ಮಾಡಿದ್ದನ್ನು ನಾನೇ ಲಿನಕ್ಸ್‌ನಿಂದ ಹೋಗಿ ತಂದುಕೊಳ್ಳುತ್ತೇನೆ ಎಂದಳು. ಯೋಚಿಸಿ ನೋಡಿದರೆ ಅವಳ ಹಂಚಿಕೆಯೇ ಸರಿ. ವಿಂಡೋಸ್‌ಗೆ 60 ಜಿಬಿ, ಉಳಿದದ್ದೆಲ್ಲ ಲಿನಕ್ಸ್‌ಗೆ, ನಡುವಿನ ಪಾರ್ಟಿಷನ್ ಇಲ್ಲ.